ಅರ್ಥವಾಗದ ಮೊದಲ ಐವತ್ತು ಪುಟ

(ಮಾಟುಂಗಾದಲ್ಲಿ ಕನ್ನಡ ಓದುಗರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

1984ರಲ್ಲಿ ಮದುವೆಯಾಗಿ ಕುಂದಾಪುರದ ಕಡೆಯಿಂದ ಡೊಂಬಿವಲಿಗೆ ಬಂದೆ. ಬಂದ ಮೂರನೇ ದಿನ ದಾದರ್ ಸ್ಟೇಷನ್ನಿನಲ್ಲಿ ನಮ್ಮ ಮನೆಯವರು ನನ್ನನ್ನು ಇಂಡಿಕೇಟರಿನ ಕೆಳಗೆ ನಿಲ್ಲಿಸಿ ಟಿಕೆಟ್ ತರಲು ಹೋದರು. ತಲೆ ಮೇಲೆ 'ಕೆ' ಅಂತ ಒಂದು ಅಕ್ಷರ ಬಂತು. ಅರ್ಧ ಜನ ಒಂದು ಕಡೆಗೆ ಓಡಿದರು. ಸ್ವಲ್ಪ ಹೊತ್ತಿಗೆ 'ಎಸ್' ಬಂತು. ಇನ್ನರ್ಧ ಜನ ಓಡಿದರು. ಆಮೇಲೆ 'ಎನ್'. ಕೆ ಅಂದರೆ ಕಲ್ಯಾಣ್, ಅದೇನೋ ಸರಿ. ಎಸ್ ಅಂದರೆ ಕರ್ಜತ್, ಎನ್ ಅಂದರೆ ಕಸಾರಾ. ಕರ್ಜತ್ ಅನ್ನುವ ಹೆಸರಿನಲ್ಲಿ ಎಸ್ ಎಲ್ಲಿದೆ? ಯಾರೂ ಹೇಳಿಕೊಡುವುದಿಲ್ಲ. ಎಲ್ಲರಿಗೂ ಗೊತ್ತಿರುತ್ತದೆ, ನಮಗೊಬ್ಬರಿಗೆ ಗೊತ್ತಿರುವುದಿಲ್ಲ. ಹದಿನೈದು ದಿನ ಕಳೆದ ಮೇಲೆ ನಮಗೂ ಗೊತ್ತಿರುತ್ತದೆ. ಯಾವಾಗ ಕಲಿತೆವು ಅನ್ನುವುದು ಮಾತ್ರ ನೆನಪಿರುವುದಿಲ್ಲ.

ಕಲ್ಪಿತ ಲೋಕಗಳ ಕಾದಂಬರಿ ಮತ್ತು ವೈಜ್ಞಾನಿಕ ಕಾದಂಬರಿಗಳ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ನಾನು ವಿಮರ್ಶಕಿ ಅಲ್ಲ. ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷಕ್ಕಿಂತ ಜಾಸ್ತಿ ಪಾಠ ಹೇಳಿದವಳು. ಡೊಂಬಿವಲಿಯಿಂದ ದಾದರಿಗೆ, ದಾದರಿನಿಂದ ಡೊಂಬಿವಲಿಗೆ, ಲೇಡೀಸ್ ಡಬ್ಬಿಯಲ್ಲಿ ಕೂತು, ಬಹಳ ಸಲ ನಿಂತು, ಈ ಪುಸ್ತಕಗಳನ್ನು ಓದಿದವಳು. ಆ ಇಂಡಿಕೇಟರಿನ ಕೆಳಗೆ ನಿಂತ ಸೊಸೆಗೂ ಇಂಥ ಕಾದಂಬರಿಯ ಮೊದಲ ಪುಟ ತೆರೆದ ಓದುಗರಿಗೂ ವ್ಯತ್ಯಾಸವೇ ಇಲ್ಲ ಅನ್ನುವುದು ನನ್ನ ಮಾತು. ಇಬ್ಬರೂ ಗೊತ್ತಿಲ್ಲದ ಊರಿಗೆ ಬಂದವರು.

ಸಾಮಾನ್ಯ ಕಾದಂಬರಿಯಲ್ಲಿ 'ಅವನು ಚಹಾ ಕುಡಿದು ಬಸ್ ಹತ್ತಿದ' ಅಂತ ಬರೆದರೆ ಸಾಕು. ಚಹಾ ನಮಗೆ ಗೊತ್ತು, ಬಸ್ಸೂ ಗೊತ್ತು. ಈ ಕಾದಂಬರಿಗಳಲ್ಲಿ ಹಾಗಲ್ಲ. ಮೊದಲ ಸಾಲಿನಲ್ಲೇ ನಾವು ಕೇಳಿರದ ದ್ವೀಪದ ಹೆಸರು ಬರುತ್ತದೆ. ಎರಡನೇ ಸಾಲಿನಲ್ಲಿ ಕೇಳಿರದ ಹುದ್ದೆ, ಮೂರನೆಯದರಲ್ಲಿ ಕೇಳಿರದ ಪ್ರಾಣಿ. ಲೇಖಕರು ನಿಂತು ವಿವರಿಸುವುದಿಲ್ಲ. ವಿವರಿಸಬಾರದು ಕೂಡ. ಪ್ರತಿ ಶಬ್ದಕ್ಕೂ ಅರ್ಥ ಹೇಳಿ, ಕೈಹಿಡಿದು ನಡೆಸುವ ಪುಸ್ತಕಗಳನ್ನು ನಾನು ಮುಗಿಸಿದ್ದು ಕಡಿಮೆ. ಅರ್ಥವಾಗದೆ ಐವತ್ತು ಪುಟ ಇರಬೇಕು. ಹಾಗೆ ಇದ್ದುಬಿಡುವ ತಾಳ್ಮೆಯೇ ಈ ಓದಿಗೆ ಬೇಕಾದ ಬಂಡವಾಳ.

ಆ ತಾಳ್ಮೆ ಮುಂಬೈ ಕನ್ನಡಿಗರಿಗೆ ಹೊಸದಲ್ಲ. ನಮ್ಮ ಮಾವನವರು ಹದಿಮೂರನೇ ವಯಸ್ಸಿಗೆ ಊರು ಬಿಟ್ಟು ಬಂದು ಹೋಟೆಲಿನಲ್ಲಿ ಕಪ್ಪುಬಸಿ ತೊಳೆದವರು. ಕನ್ನಡ ಬಿಟ್ಟು ಬೇರೆ ಭಾಷೆ ಗೊತ್ತಿರಲಿಲ್ಲ. ಗಿರಾಕಿ 'ಕಟಿಂಗ್' ಅಂದರೆ ಏನು ಕತ್ತರಿಸಬೇಕು ಅಂತ ತಿಳಿಯದೆ ಸುಮ್ನೆ ನಿಂತಿದ್ದರಂತೆ. ಪಕ್ಕದ ಹುಡುಗ ಅರ್ಧ ಗ್ಲಾಸು ಚಹಾ ಕೊಟ್ಟದ್ದನ್ನು ನೋಡಿ ಕಲಿತರು. ರಾತ್ರಿ ಶಾಲೆಗೆ ಹೋಗಿ ಓದಿದರು. ಅಂಥ ಹುಡುಗರು ನೂರಾರು, ಸಾವಿರಾರು. ಮಾವನವರು ಒಂದು ಕಾದಂಬರಿಯನ್ನೂ ಓದಿದವರಲ್ಲ. ಆದರೆ ಇಂಥ ಪುಸ್ತಕದ ಮೊದಲ ಐವತ್ತು ಪುಟ ನನಗಿಂತ ಚೆನ್ನಾಗಿ ಅವರಿಗೆ ಅರ್ಥವಾಗುತ್ತಿತ್ತು ಅನಿಸುತ್ತದೆ.

ನನ್ನ ಮೊದಲ ಪುಸ್ತಕ ಸಿಕ್ಕಿದ್ದು ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲೇ, ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತಿನಲ್ಲಿ. ಹಳೇ ಪುಸ್ತಕದ ರಾಶಿ. ಸಣ್ಣ ಪುಸ್ತಕ, ತೆರೆದರೆ ಸಮುದ್ರ ಮತ್ತು ದ್ವೀಪಗಳ ನಕ್ಷೆ. ನಮ್ಮ ಕಡಲು ನೆನಪಾಗಿ ಕೊಂಡೆ, ಅಷ್ಟೇ. ಅರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ಥ್‌ಸೀ', 1968ರ ಪುಸ್ತಕ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇಂಗ್ಲಿಷ್ ನಿಧಾನ. ಮೂರು ಸಲ ಶುರು ಮಾಡಿ ಮೂರು ಸಲ ಬಿಟ್ಟೆ. ಅತ್ತೆ ಒಮ್ಮೆ ನೋಡಿ, "ಎಂತ ಮಾರಾಯ್ತಿ, ಮಂತ್ರವಾದಿ ಕಥೆಯಾ?" ಅಂದರು. ಹೌದು, ಮಂತ್ರವಾದಿ ಕಥೆಯೇ. ನಾಲ್ಕನೇ ಸಲ ಓದು ಹಿಡಿಯಿತು.

ಆ ಲೋಕದಲ್ಲಿ ಪ್ರತಿಯೊಬ್ಬರಿಗೂ ಎರಡು ಹೆಸರು. ಒಂದು ಎಲ್ಲರೂ ಕರೆಯುವುದು. ಇನ್ನೊಂದು ನಿಜವಾದ ಹೆಸರು, ಅದನ್ನು ಗುಟ್ಟಾಗಿ ಇಟ್ಟುಕೊಳ್ಳಬೇಕು. ಯಾರಿಗೆ ನಿಮ್ಮ ನಿಜ ಹೆಸರು ಗೊತ್ತೋ ಅವರಿಗೆ ನಿಮ್ಮ ಮೇಲೆ ಅಧಿಕಾರ. ಹಾಗಾಗಿ ಸ್ನೇಹಿತನೊಬ್ಬ ತನ್ನ ನಿಜ ಹೆಸರನ್ನು ನಾಯಕನಿಗೆ ತಾನಾಗಿಯೇ ಹೇಳುವ ಜಾಗ ಬಂದಾಗ ನನ್ನ ಕಣ್ಣು ತುಂಬಿತು. ಅದಕ್ಕಿಂತ ದೊಡ್ಡ ಕೊಡುಗೆ ಆ ಲೋಕದಲ್ಲಿಲ್ಲ.

ನನಗೆ ಯಾಕೆ ಅಷ್ಟು ತಾಗಿತು? ಊರಿನಲ್ಲಿ ನನ್ನ ಹೆಸರಿನ ಜೊತೆ ಮನೆಯ ಹೆಸರು ಇತ್ತು. ಅದನ್ನು ಹೇಳಿದರೆ ಸಾಕು, ಯಾರ ಮಗಳು, ಯಾವ ತೋಟ, ಯಾವ ಬಾವಿ ಎಲ್ಲ ತಿಳಿಯುತ್ತಿತ್ತು. ಇಲ್ಲಿ ಬಂದ ಮೇಲೆ ರೇಷನ್ ಕಾರ್ಡಿನಿಂದ ಹಿಡಿದು ಶಾಲೆಯ ಮಸ್ಟರಿನವರೆಗೆ ಎಲ್ಲ ಕಡೆ ಒಂದೇ ಪ್ರಶ್ನೆ, "ಆಡನಾವ್ ಕಾಯ್?" ಅಡ್ಡಹೆಸರು ಏನು ಅಂತ. ನನ್ನ ಹೆಸರು, ಅದರ ಮುಂದೆ ಗಂಡನ ಹೆಸರು, ಕೊನೆಗೆ ಅಡ್ಡಹೆಸರು. ಮನೆಯ ಹೆಸರಿಗೆ ಜಾಗವೇ ಇರಲಿಲ್ಲ. ಪಕ್ಕದ ಮನೆಗೆ ಬಂದ ಮರಾಠಿ ಸೊಸೆಗೆ ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬೇರೆಯದೇ ಹೆಸರು ಬರೆದಿದ್ದರು. ನಾನೂ ಅವಳೂ ಒಂದು ಮಧ್ಯಾಹ್ನ ಕೂತು ನಮ್ಮ ಹಳೆಯ ಹೆಸರುಗಳನ್ನು ಒಬ್ಬರಿಗೊಬ್ಬರು ಹೇಳಿಕೊಂಡೆವು. ಆಗ ನಾನಿನ್ನೂ ಆ ಪುಸ್ತಕ ಓದಿರಲಿಲ್ಲ. ಓದಿದ ದಿನ ಆ ಮಧ್ಯಾಹ್ನ ನಾವು ಮಾಡಿದ್ದು ಏನು ಅಂತ ಗೊತ್ತಾಯಿತು.

'ಇದೆಲ್ಲ ನಿಜ ಜೀವನದಿಂದ ಓಡಿಹೋಗುವ ಓದು' ಅನ್ನುವವರಿಗೆ ನಾನು ಇದನ್ನೇ ಹೇಳುವುದು. ಆ ಪುಸ್ತಕ ನನ್ನನ್ನು ಡೊಂಬಿವಲಿಯಿಂದ ದೂರ ಒಯ್ಯಲಿಲ್ಲ. ಪಕ್ಕದ ಮನೆಗೆ ವಾಪಸ್ ತಂದು ಬಿಟ್ಟಿತು.

ಆ ಕಥೆಯ ನಾಯಕನ ಮೈಬಣ್ಣ ಕಂದು. ಆ ದ್ವೀಪಗಳ ಜನರಲ್ಲಿ ಹೆಚ್ಚಿನವರು ಕಂದು ಇಲ್ಲವೇ ಕಪ್ಪು ಬಣ್ಣದವರು. ಲೇಖಕಿ ಅದನ್ನು ಬೇಕೆಂದೇ ಬರೆದರು. ಆದರೂ ಎಷ್ಟೋ ಮುಖಪುಟಗಳಲ್ಲಿ ಚಿತ್ರ ಬರೆದವರು ಅವನನ್ನು ಬಿಳಿಯನಾಗಿಯೇ ತೋರಿಸಿದರು. ಅದರ ಬಗ್ಗೆ ಲೇಖಕಿಗೆ ಬಹಳ ಬೇಸರವಿತ್ತು. ನನ್ನ ಶಾಲೆಯ ಮಕ್ಕಳಿಗೆ ಈ ಕಥೆ ಹೇಳುವಾಗ ನಾನು ಮೊದಲು ಹೇಳುತ್ತಿದ್ದದ್ದೇ ಅದನ್ನು: "ಆ ಹುಡುಗ ನಿಮ್ಮ ಹಾಗೇ ಇದ್ದ."

ಇನ್ನು ರಾಕ್ಷಸರ ವಿಷಯ. ಕರಾವಳಿಯ ನಮಗೆ ರಾಕ್ಷಸರು ಹೊಸಬರಲ್ಲ ಅಲ್ವಾ? ಚಿಕ್ಕಂದಿನಲ್ಲಿ ಬಯಲಾಟಕ್ಕೆ ಹೋಗಿ ಚಾಪೆ ಹಾಸಿ ಕೂತರೆ, ನಡುರಾತ್ರಿ ಬಣ್ಣದ ವೇಷ ಬರುವಾಗ ಮೊದಲು ತೆರೆಯ ಹಿಂದೆ ಕಿರೀಟ ಮಾತ್ರ ಕಾಣುತ್ತಿತ್ತು. ದೀವಟಿಗೆಗೆ ರಾಳದ ಪುಡಿ ಎರಚಿದಾಗ ಬೆಂಕಿ ಭುಗ್ಗೆಂದು ಏಳುತ್ತಿತ್ತು. ಅಪ್ಪನ ತೋಳು ಹಿಡಿದು ನಡುಗಿದ್ದೇನೆ. ಬೆಳಿಗ್ಗೆ ಅದೇ ವೇಷಧಾರಿ ಬಣ್ಣ ಒರೆಸಿಕೊಂಡು ನಮ್ಮ ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದರು. ಎರಡೂ ನಿಜ ಅಂತ ನಮಗೆ ಗೊತ್ತಿತ್ತು. 'ಇದು ನಡೆದದ್ದಾ?' ಅಂತ ಯಾರೂ ಕೇಳುತ್ತಿರಲಿಲ್ಲ. 'ಇದು ಸರಿಯಾ?' ಅಂತ ಕೇಳುತ್ತಿದ್ದರು.

ಈ ಕಾರಣಕ್ಕೇ ಟಾಲ್ಕಿನ್ ಅವರ ಬಗ್ಗೆ ನನಗೊಂದು ತಕರಾರಿದೆ. 'ಲಾರ್ಡ್ ಆಫ್ ದಿ ರಿಂಗ್ಸ್' 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಬಂತು. ನಾನು ಅದನ್ನು ಎರಡು ಮಳೆಗಾಲ ಓದಿದ್ದೇನೆ. ಅದರ ಕಾಡು, ದಾರಿ, ಊಟ, ಹಾಡು, ಎಲ್ಲವೂ ನನಗೆ ಇಷ್ಟ. ಆದರೆ ಅದರ ದೊಡ್ಡ ಖಳ ಸೌರನ್ ಎದುರಿಗೆ ಬಂದು ನಿಂತು ತನ್ನ ಪಕ್ಷ ಹೇಳುವುದೇ ಇಲ್ಲ. ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ತಾಳಮದ್ದಳೆ ಕೇಳಿ ಬೆಳೆದವಳಿಗೆ ಇದು ಕೊರತೆಯಾಗಿ ಕಾಣುತ್ತದೆ. ನಮ್ಮಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳುತ್ತಾನೆ, 'ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ?' ವಾಲಿಯ ಮಾತಾಡಲು ಒಳ್ಳೆಯ ಅರ್ಥಧಾರಿ ಕೂತರೆ ಸಭೆಯೇ ವಾಲಿಯ ಕಡೆಗೆ ವಾಲುತ್ತದೆ. ರಾಮನಾದವನು ಉತ್ತರ ಕೊಡಲೇಬೇಕು. ಮಳೆಗಾಲದಲ್ಲಿ ಈ ನಗರದ ಸಭಾಂಗಣಗಳಲ್ಲಿ ಈಗಲೂ ಅದು ನಡೆಯುತ್ತದೆ, ನಿಮ್ಮಲ್ಲಿ ಎಷ್ಟೋ ಜನ ಹೋಗುತ್ತೀರಿ. ಖಳನಿಗೆ ಅರ್ಥ ಹೇಳಲು ಅವಕಾಶ ಇಲ್ಲದ ಕಥೆ ನನಗೆ ಅರ್ಧ ಕಥೆ.

ಆದರೆ ಟಾಲ್ಕಿನ್ ಅವರಿಂದ ಬೇರೊಂದು ದೊಡ್ಡ ವಿಷಯ ಕಲಿತೆ. ಅವರು ಭಾಷೆಗಳ ಪಂಡಿತರು, ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರು. ಅವರು ಮೊದಲು ಕಟ್ಟಿದ್ದು ಕಥೆಯನ್ನಲ್ಲ, ಭಾಷೆಗಳನ್ನು. ಆ ಭಾಷೆಗಳಿಗೊಂದು ಲೋಕ ಬೇಕು ಅಂತ ಕಥೆ ಕಟ್ಟಿದರು. ಒಂದು ಭಾಷೆ ಉಳಿಯಬೇಕಾದರೆ ಅದನ್ನಾಡುವ ಜನ ಬೇಕು, ಅವರು ಜಗಳವಾಡುವ ಅಂಗಳ ಬೇಕು, ಸತ್ತವರನ್ನು ನೆನೆದು ಹಾಡುವ ಹಾಡು ಬೇಕು. ಇದು ಆ ಪಂಡಿತರಿಗೆ ಗೊತ್ತಿತ್ತು. ವರ್ಷದಿಂದ ವರ್ಷಕ್ಕೆ ಹಾಜರಿ ಪುಸ್ತಕ ತೆಳ್ಳಗಾಗುತ್ತಿದ್ದ ಕನ್ನಡ ಶಾಲೆಯಲ್ಲಿ ಕೂತು ಇದನ್ನು ಓದುವುದು ಹೇಗಿರುತ್ತದೆ ಅಂತ ನಿಮಗೆ ಬೇರೆ ಹೇಳಬೇಕಾಗಿಲ್ಲ.

ವೈಜ್ಞಾನಿಕ ಕಥೆಯ ಬಾಗಿಲು ನನಗೆ ಮರಾಠಿಯಿಂದ ತೆರೆಯಿತು. ಜಯಂತ ನಾರಳೀಕರ್ ಅವರ ಹೆಸರು ನಿಮಗೆಲ್ಲ ಗೊತ್ತು. ಪುಣೆಯಲ್ಲಿ 1988ರಲ್ಲಿ ಖಗೋಳ ವಿಜ್ಞಾನದ ದೊಡ್ಡ ಸಂಸ್ಥೆ ಕಟ್ಟಿದವರು. 2025ರ ಮೇ ತಿಂಗಳಲ್ಲಿ ತೀರಿಕೊಂಡರು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾ ಸ್ಪರ್ಧೆಗೆ ಅವರು ಆಕಾಶದ ಕಪ್ಪು ಕುಳಿಯ (ಬ್ಲ್ಯಾಕ್ ಹೋಲ್) ಬಗ್ಗೆ ಒಂದು ಕಥೆ ಕಳಿಸಿದರು. ಆಗಲೇ ಹೆಸರುವಾಸಿ ವಿಜ್ಞಾನಿ. ಆ ಹೆಸರು ನೋಡಿ ಬಹುಮಾನ ಕೊಡಬಾರದು ಅಂತ ತಮ್ಮ ಇನಿಶಿಯಲ್‌ಗಳನ್ನು ತಿರುಗಿಸಿ 'ನಾರಾಯಣ ವಿನಾಯಕ ಜಗತಾಪ' ಅಂತ ಹೆಸರಿಟ್ಟುಕೊಂಡರು. ಕೈಬರಹ ಗುರುತಾಗದಿರಲಿ ಅಂತ ಹೆಂಡತಿಯಿಂದ ಬರೆಸಿದರು. ಮೊದಲ ಬಹುಮಾನ ಆ ಜಗತಾಪರಿಗೇ ಬಂತು. ಇಲ್ಲೂ ಎರಡು ಹೆಸರು, ನೋಡಿ.

ಅವರದೊಂದು ಪಾನಿಪತ್ ಕಥೆ ಇದೆ. 1761ರ ಯುದ್ಧದಲ್ಲಿ ಪೇಶ್ವೆಯ ಮಗ ವಿಶ್ವಾಸರಾವ್‌ಗೆ ಗುಂಡು ತಾಗಿತು, ಮರಾಠರು ಸೋತರು, ಇದು ನಾವು ಓದಿದ ಇತಿಹಾಸ. ಕಥೆಯ ಪ್ರಾಧ್ಯಾಪಕ ಪುಣೆಯಲ್ಲಿ ಒಂದು ಅಪಘಾತಕ್ಕೆ ಸಿಕ್ಕಿ ಬೇರೊಂದು ಜಗತ್ತಿನಲ್ಲಿ ಕಣ್ಣು ಬಿಡುತ್ತಾನೆ. ಅಲ್ಲಿ ಗುಂಡು ಕಿವಿಯ ಪಕ್ಕದಲ್ಲಿ ಹಾದುಹೋಗಿದೆ. ಮರಾಠರು ಗೆದ್ದಿದ್ದಾರೆ. ಅವನು ರೈಲಿನಲ್ಲಿ ಮುಂಬೈಗೆ ಬಂದು, ಟೌನ್ ಹಾಲಿನ ಗ್ರಂಥಾಲಯಕ್ಕೆ ಹೋಗಿ, ತಾನೇ ಬರೆದ ಇತಿಹಾಸ ಪುಸ್ತಕಗಳನ್ನು ತೆಗೆದು, ಚರಿತ್ರೆ ಎಲ್ಲಿ ತಿರುಗಿತು ಅಂತ ಹುಡುಕುತ್ತಾನೆ. ಕೊನೆಗೆ ಅವನ ಕೈಯಲ್ಲಿ ಆ ಲೋಕದ ಬಖರಿನ, ಅಂದರೆ ಮರಾಠರ ಹಳೇ ಚರಿತ್ರೆ ಬರಹದ, ಒಂದು ಹರಿದ ಹಾಳೆ ಉಳಿಯುತ್ತದೆ.

ಅದನ್ನು ಮರಾಠಿಯಲ್ಲಿ ಓದಿದ ವಾರ ಫೋರ್ಟಿಗೆ ಹೋಗಿ ಟೌನ್ ಹಾಲಿನ ಮೆಟ್ಟಿಲ ಮೇಲೆ ಒಂದು ಗಂಟೆ ಕೂತೆ. ನಾನು ಅದೇ ಮೆಟ್ಟಿಲ ಪಕ್ಕ ಎಷ್ಟು ಸಲ ಬಸ್ಸಿನಲ್ಲಿ ಹೋಗಿದ್ದೆನೋ. ಅವತ್ತು ಮೊದಲ ಸಲ ನೋಡಿದೆ. ಮಾವನವರು ಹದಿಮೂರನೇ ವಯಸ್ಸಿಗೆ ಊರು ಬಿಡದೇ ಇದ್ದಿದ್ದರೆ? ಅಂದಿನ ಬಸ್ಸು ತಪ್ಪಿ, ಮನೆಗೆ ವಾಪಸ್ ಹೋಗಿದ್ದರೆ? ನಾನು ಯಾರ ಮನೆಗೆ ಸೊಸೆಯಾಗಿ ಹೋಗುತ್ತಿದ್ದೆ, ಯಾವ ಮಕ್ಕಳಿಗೆ ಅಕ್ಷರ ಹೇಳುತ್ತಿದ್ದೆ? ಊರು ಬಿಟ್ಟವರೆಲ್ಲ ಈ ಲೆಕ್ಕ ಹಾಕುತ್ತಾರೆ. ವೈಜ್ಞಾನಿಕ ಕಥೆ ಆ ಲೆಕ್ಕಕ್ಕೆ ಮರ್ಯಾದೆ ಕೊಡುತ್ತದೆ. 'ಆದದ್ದಾಯಿತು, ಬಿಡು' ಅನ್ನುವುದಿಲ್ಲ.

ಈಗ ಒಂದು ರಾತ್ರಿಯ ಮಾತು. 2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಂದ ದಿನ. ನಾನು ಶಾಲೆ ಬಿಟ್ಟು ದಾದರಿನಲ್ಲಿ ಗಾಡಿ ಹತ್ತಿದೆ. ಸಾಯನ್ ದಾಟಿ, ಕುರ್ಲಾ ಮುಟ್ಟುವ ಮೊದಲು ಗಾಡಿ ನಿಂತಿತು. ಹಳಿ ಕಾಣಲಿಲ್ಲ, ಬರೀ ನೀರು. ಸಂಜೆಯಾಯಿತು. ದೀಪ ಹೋಯಿತು. ಮೊಬೈಲ್ ಇದ್ದವರದ್ದೂ ನಡೆಯಲಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದವರು ಅಳುತ್ತಿದ್ದರು. ಒಬ್ಬರು ನರ್ಸ್, ಇಬ್ಬರು ಕಾಲೇಜು ಹುಡುಗಿಯರು, ಹೊಲಿಗೆ ಬಟ್ಟೆಯ ಗಂಟು ಹಿಡಿದ ಒಬ್ಬರು, ಡಬ್ಬಿಯಲ್ಲಿ ಕ್ಲಿಪ್ಪು ಪಿನ್ನು ಮಾರುವ ಒಂದು ಹುಡುಗಿ. ಹನ್ನೆರಡು ಹದಿಮೂರು ವರ್ಷ ಇರಬಹುದು ಅವಳಿಗೆ.

ನನ್ನ ಚೀಲದಲ್ಲಿ ಆ ಹಳೇ ಪುಸ್ತಕ ಇತ್ತು. ಪ್ರತಿ ಮಳೆಗಾಲ ಅದನ್ನೊಮ್ಮೆ ಓದುವುದು ನನ್ನ ರೂಢಿ. ಕತ್ತಲಲ್ಲಿ ಓದುವುದು ಹೇಗೆ? ಹೇಳುವುದಕ್ಕೆ ಶುರು ಮಾಡಿದೆ. ಅರ್ಧ ಹಿಂದಿ, ಅರ್ಧ ಮರಾಠಿ, ಶಬ್ದ ಸಿಗದ ಕಡೆ ಕನ್ನಡ. ಒಬ್ಬ ಆಡು ಕಾಯುವ ಹುಡುಗ. ಮಂತ್ರ ಕಲಿಯಲು ದ್ವೀಪದ ಶಾಲೆಗೆ ಹೋಗುತ್ತಾನೆ. ಪಂಥಕ್ಕೆ ಬಿದ್ದು, ಮಾಡಬಾರದ ಮಂತ್ರ ಮಾಡಿ, ಸತ್ತವರ ಲೋಕದಿಂದ ಒಂದು ನೆರಳನ್ನು ಬಿಡಿಸಿಬಿಡುತ್ತಾನೆ. ಅದು ಅವನನ್ನು ಊರಿಂದೂರಿಗೆ ಅಟ್ಟಿಸಿಕೊಂಡು ಬರುತ್ತದೆ. ಕೊನೆಗೆ ಅವನ ಗುರು ಹೇಳುತ್ತಾನೆ, ಓಡಬೇಡ, ತಿರುಗಿ ನಿಲ್ಲು, ನೀನೇ ಅದನ್ನು ಅಟ್ಟು. ಯಾರೋ "ಮಗ ಕಾಯ್ ಝಾಲಂ?" ಅಂದರು, ಮುಂದೇನಾಯಿತು ಅಂತ. ಆಮೇಲೆ ಎಲ್ಲರೂ ಹತ್ತಿರ ಸರಿದು ಕೂತರು. ಹೊರಗೆ ಮಳೆ ಸುರಿಯುತ್ತಲೇ ಇತ್ತು.

ನಾನು ಕೊನೆಗೆ ಬಂದೆ. ಜಗತ್ತಿನ ಅಂಚಿನಲ್ಲಿ, ಸಮುದ್ರದ ನಡುವೆ, ಹುಡುಗ ಆ ನೆರಳಿನ ಎದುರು ನಿಂತಿದ್ದಾನೆ. ಅದರ ಹೆಸರು ಹಿಡಿದು ಕರೆದರೆ ಮಾತ್ರ ಅವನಿಗೆ ಬಿಡುಗಡೆ. ಇಲ್ಲಿ ನಾನು ಸುಮ್ಮನಾದೆ. ಎರಡು ಕ್ಷಣ ಯಾರೂ ಮಾತಾಡಲಿಲ್ಲ. ಕತ್ತಲಲ್ಲಿ ಆ ಕ್ಲಿಪ್ಪು ಮಾರುವ ಹುಡುಗಿ ಹೇಳಿದಳು, "ತೀ ಸಾವಲೀ ತ್ಯಾಚೀಚ್ ಆಹೇ." ಆ ನೆರಳು ಅವನದೇ. ಹೌದು, ಅವನು ತನ್ನದೇ ಹೆಸರಿನಿಂದ ಅದನ್ನು ಕರೆಯುತ್ತಾನೆ. ನಾನು ಅದನ್ನು ಮೊದಲ ಸಲ ಓದಿದಾಗ ಕೊನೆಯ ಪುಟದವರೆಗೂ ನನಗೆ ಹೊಳೆದಿರಲಿಲ್ಲ. ಓದಲು ಬಾರದ ಆ ಹುಡುಗಿಗೆ ಹೊಳೆಯಿತು.

ಬೆಳಿಗ್ಗೆ ಸೊಂಟದವರೆಗಿನ ನೀರಿನಲ್ಲಿ ಹಳಿಯ ಪಕ್ಕ ಒಬ್ಬರ ಕೈ ಒಬ್ಬರು ಹಿಡಿದು ನಡೆದೆವು. ಅವಳು ಕುರ್ಲಾದಲ್ಲಿ ಇಳಿದು ಹೋದಳು. ಹೆಸರು ಕೇಳಲಿಲ್ಲ. ಇಷ್ಟು ಹೊತ್ತು ಹೆಸರಿನ ಕಥೆ ಹೇಳಿ ಅವಳ ಹೆಸರು ಕೇಳಲಿಲ್ಲವಲ್ಲ ಅಂತ ಈಗಲೂ ನೋವಾಗುತ್ತದೆ.

ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ ಅವರ 2020ರ ಕಾದಂಬರಿಯೊಂದು ಉತ್ತರ ಪ್ರದೇಶದ ಭಯಂಕರ ಬಿಸಿಗಾಳಿಯಿಂದ ಶುರುವಾಗುತ್ತದೆ. ಆ ಅಧ್ಯಾಯ ಓದಲು ನನಗೆ ನಾಲ್ಕು ದಿನ ಬೇಕಾಯಿತು. ಅದು ಮುಂದೆ ಆಗಬಹುದಾದ ಕಥೆ ಅಂತ ಬರೆದದ್ದು. ನನಗೆ ಮಾತ್ರ ಆ ಕತ್ತಲ ಡಬ್ಬಿಯ ಉಸಿರು ಕೇಳಿಸುತ್ತಿತ್ತು.

ಕನ್ನಡದಲ್ಲಿ ಏನಿದೆ ಅಂತ ಕೇಳುತ್ತೀರಿ. ಚಂದಮಾಮ 1949ರಿಂದ ಕನ್ನಡದಲ್ಲಿ ಬಂತು, ಅದರ ಮಾಯಾಜಾಲದ ಧಾರಾವಾಹಿಗಳನ್ನು ಓದದ ನಮ್ಮ ವಯಸ್ಸಿನವರು ಸಿಗುವುದು ಕಷ್ಟ. ರಾಜಶೇಖರ ಭೂಸನೂರಮಠರು ವೈಜ್ಞಾನಿಕ ಕಥೆಗೇ ತಮ್ಮ ಬರವಣಿಗೆಯನ್ನು ಮುಡಿಪಾಗಿಟ್ಟರು. ಅವರಿಗೆ ಸಿಗಬೇಕಾದಷ್ಟು ಓದುಗರು ಸಿಗಲಿಲ್ಲ. ಆದರೆ ನನ್ನ ಮಟ್ಟಿಗೆ ಈ ಬಗೆಯ ಬೆರಗನ್ನು ನಮ್ಮ ನೆಲದಲ್ಲೇ ನೆಟ್ಟವರು ತೇಜಸ್ವಿ. 1980ರ 'ಕರ್ವಾಲೊ'ದಲ್ಲಿ ರಾಕೆಟ್ಟಿಲ್ಲ, ಮಂತ್ರವಿಲ್ಲ. ಒಬ್ಬ ವಿಜ್ಞಾನಿ, ಜೇನು ಹಿಡಿಯುವ ಮಂದಣ್ಣ, ಒಂದು ನಾಯಿ, ಮಲೆನಾಡಿನ ಕಾಡು. ಅವರೆಲ್ಲ ಹುಡುಕುತ್ತಿರುವುದು ಹಾರುವ ಓತಿಯನ್ನು. ಅದು ಕೈಗೆ ಸಿಕ್ಕಂತಾಗಿ ಕೊನೆಗೆ ಕಣಿವೆಯ ಆಳಕ್ಕೆ ತೇಲಿ ಹೋಗುತ್ತದೆ. ಕೋಟ್ಯಂತರ ವರ್ಷದ ಕಾಲ ಒಂದು ಓತಿಯ ರೆಕ್ಕೆಯಲ್ಲಿ ಮಡಚಿಕೊಂಡು ಕಣ್ಣೆದುರೇ ಹಾರಿ ಹೋದ ಹಾಗೆ ನನಗನಿಸಿತ್ತು. ಅಂತರಿಕ್ಷದ ಎಷ್ಟೋ ದಪ್ಪ ಕಾದಂಬರಿಗಳು ನನಗೆ ಆ ಕ್ಷಣವನ್ನು ಕೊಟ್ಟಿಲ್ಲ.

ಕನ್ನಡದಲ್ಲಿ ಈ ಪುಸ್ತಕಗಳ ಅನುವಾದ ಬಹಳ ಕಡಿಮೆ. ಶಬ್ದ ಇಲ್ಲ ಅನ್ನುತ್ತಾರೆ. ಶಬ್ದ ಮಕ್ಕಳಲ್ಲಿದೆ. ನಮ್ಮ ಶಾಲೆಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಒಮ್ಮೆ ಕಪ್ಪು ಕುಳಿಯ ಪಾಠ ಮಾಡಿ, ಬೆಳಕನ್ನೂ ಹೊರಗೆ ಬಿಡುವುದಿಲ್ಲ ಅದು, ಇದಕ್ಕೆ ನೀವೇ ಒಂದು ಹೆಸರಿಡಿ ಅಂದೆ. ಐದನೇ ಕ್ಲಾಸಿನ ಒಬ್ಬ ಹುಡುಗ ಎದ್ದು ನಿಂತು "ನುಂಗುಬಾಕ, ಟೀಚರ್" ಅಂದ. ಅಲ್ಲಿಂದ ಮುಂದೆ ನಮ್ಮ ಕ್ಲಾಸಿನಲ್ಲಿ ಅದರ ಹೆಸರು ಅದೇ.

ಮಾತು ಮುಗಿದ ಮೇಲೆ ಒಬ್ಬ ಯುವತಿ ಎದ್ದು, "ನಾನು ಇಂಥದ್ದು ಒಂದೂ ಓದಿಲ್ಲ ಮೇಡಂ, ಯಾವುದರಿಂದ ಶುರು ಮಾಡಲಿ?" ಅಂತ ಕೇಳಿದರು. ಹುಬ್ಬಳ್ಳಿಯಿಂದ ಬಂದು ಎರಡು ತಿಂಗಳಾಗಿದೆಯಂತೆ, ಐರೋಲಿಯಲ್ಲಿ ಕೆಲಸ. ನಾನು ಚೀಲದಿಂದ ಆ ಪುಸ್ತಕ ತೆಗೆದು ಕೊಟ್ಟೆ. ಪೆನ್ಸಿಲಿನಲ್ಲಿ ಕನ್ನಡದ ಅರ್ಥ ಬರೆದದ್ದು ಮೊದಲ ಇಪ್ಪತ್ತು ಪುಟಕ್ಕೆ ಮಾತ್ರ ಇದೆ, ಆಮೇಲೆ ಇಲ್ಲ. ಕೊನೆಯ ಕಡೆ ಮಳೆ ನೀರು ತಾಗಿ ಕೆಲವು ಹಾಳೆ ಅಂಟಿಕೊಂಡಿವೆ, ನಿಧಾನವಾಗಿ ಬಿಡಿಸಿ ಅಂದೆ. ಅವರು ಪುಸ್ತಕ ತೆರೆದು ಮೊದಲು ನಕ್ಷೆ ನೋಡಿದರು. ನಾನು ಅವರ ಹೆಸರು ಕೇಳಿದೆ.